ರಾಜಾನುಕುಂಟೆಗೆ ಹೋದ ಈರುಳ್ಳಿ ಹಾರ

ಭಾನುವಾರ ಬೆಳಿಗ್ಗೆ ಯಶವಂತಪುರದಿಂದ ಹೊರಟೆವು. ಗೂಡ್ಸ್ ಗಾಡಿಯ ಹಿಂಭಾಗದಲ್ಲಿ ಈರುಳ್ಳಿಯ ದೊಡ್ಡ ಹಾರವೊಂದು ಸುರುಳಿ ಸುತ್ತಿಕೊಂಡು ಕೂತಿತ್ತು. ಉಳಿದ ಜಾಗದಲ್ಲಿ ನಾವು ಮೂವರು: ಹಾರ ಕಟ್ಟಿದ ಹಮಾಲ ಶರಣಪ್ಪ, ಅವರ ಹೆಂಡತಿ ಗೌರವ್ವ, ಮತ್ತು ನಾನು. ಗೌರವ್ವ ಆರ್.ಟಿ. ನಗರದ ನಮ್ಮ ಬೀದಿಗೆ ಜೋಳದ ರೊಟ್ಟಿ ತಂದು ಮಾರುತ್ತಾರೆ. ನಮ್ಮ ಪರಿಚಯ ಅಷ್ಟೇ. ಗಾಡಿಯ ಬಾಡಿಗೆ ಸಾವಿರದ ಇನ್ನೂರು, ಅದೂ ಹೋಗುವುದಕ್ಕೆ ಮಾತ್ರ.

ಶರಣಪ್ಪ ಕೊಪ್ಪಳದ ಕಡೆಯವರು. ಇಪ್ಪತ್ತು ವರ್ಷದಿಂದ ಯಶವಂತಪುರದ ಒಂದು ಖಾಸಗಿ ಗೋದಾಮಿನಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದಾರೆ. ಆ ಗೋದಾಮು ಈಗ ಯಲಹಂಕದಾಚೆ ರಾಜಾನುಕುಂಟೆಗೆ ಹೋಗುತ್ತಿದೆ. ಮೂಟೆಗಳು ಹೋಗುತ್ತವೆ, ತಕ್ಕಡಿ ಹೋಗುತ್ತದೆ, ಕಾವಲಿನ ನಾಯಿಯೂ ಹೋಗುತ್ತದೆ. ಹಮಾಲರು ಮಾತ್ರ ಬೇಡ, ಅಲ್ಲಿ ಊರಿನವರೇ ಸಿಗುತ್ತಾರೆ ಎಂದು ಮಾಲೀಕರು ಹೇಳಿದ್ದಾರೆ. ಅಂದು ಹೊಸ ಗೋದಾಮಿನ ಪೂಜೆ, ಪಕ್ಕದ ಬಯಲಿನಲ್ಲಿ ಪಕ್ಷದ ಸಭೆ. ಎರಡಕ್ಕೂ ಒಬ್ಬರೇ ನಾಯಕರು ಬರುವವರಿದ್ದರು. ದೊಡ್ಡ ಹಾರ ತಂದವರನ್ನು ನಾಯಕರ ಪಕ್ಕಕ್ಕೆ ಬಿಡುತ್ತಾರೆ, ಅಲ್ಲಿ ನಿಂತು ಒಂದು ಮಾತು ಹೇಳಿಬಿಡುವುದು ಎಂಬುದು ಹಮಾಲರ ಲೆಕ್ಕಾಚಾರ. ‘ಹಳೇ ಹಮಾಲರನ್ನೂ ಹೊಸ ಗೋದಾಮಿಗೆ ತಗೊಳ್ಳಿ ಅಂತ ಮಾಲೀಕರಿಗೆ ಹೇಳಿ’ ಎಂಬ ಆ ಒಂದು ಮಾತನ್ನು ಬೆಂಗಳೂರಿನ ಧಾಟಿಯಲ್ಲಿ ಆಡುವುದಕ್ಕೆ ನನ್ನನ್ನು ಕರೆದುಕೊಂಡಿದ್ದರು. ಉಳಿದ ಹಮಾಲರಿಗೆ ಅಂದು ಲೋಡು ಇತ್ತು. ಬಂದರೆ ಕೂಲಿ ಹೋಗುತ್ತಿತ್ತು.

“ಯಾರಿಗ್ ಗುರು ಈ ಹಾರ? ಸಾಂಬಾರ್‌ಗಾ?” ಎಂದು ಡ್ರೈವರ್ ಮಂಜ ಹೊರಡುವಾಗಲೇ ಕೇಳಿದ್ದ. ನಾನೂ ಸೇಬಿನ ಹಾರ ಯಾಕೆ ತರಲಿಲ್ಲ ಎಂದು ಕೇಳಿದೆ.

“ಸೇಬು ನಾವು ಹೊತ್ತಿಲ್ರಿ,” ಎಂದರು ಶರಣಪ್ಪ. “ನಮ್ಮ ಬೆನ್ನು ತಿಂದಿದ್ದು ಉಳ್ಳಾಗಡ್ಡಿ. ಇದ ನಮ್ಮ ಮರ್ಯಾದಿ.” ಮೂಟೆ ಹೊಲಿಯುವ ದಬ್ಬಣದಿಂದ ಒಂದೊಂದೇ ಈರುಳ್ಳಿ ಚುಚ್ಚಿ ಗೋಣಿ ದಾರಕ್ಕೆ ಪೋಣಿಸಿದ್ದರು. ದುಂಡಗೆ, ಒಂದೇ ಅಳತೆಯವು. ಹಮಾಲರೆಲ್ಲ ಸೇರಿ ಆರಿಸಿದ್ದಂತೆ.

ಹೆಬ್ಬಾಳದಲ್ಲಿ ಸಿಕ್ಕಿಕೊಂಡೆವು. ನನ್ನ ನೆನಪಿನಲ್ಲಿ ಅದು ಅರ್ಧ ಪ್ರಯಾಣ, ಗೌರವ್ವನ ಪ್ರಕಾರ ಒಂದು ರೊಟ್ಟಿ ತಿಂದು ಮುಗಿಸುವಷ್ಟು ಹೊತ್ತು. ಹನಿ ಬಿತ್ತೆಂದು ನಾನು ಬರೆದುಕೊಂಡಿದ್ದೇನೆ, ಶರಣಪ್ಪ ಬಿಸಿಲಿತ್ತು ಎನ್ನುತ್ತಾರೆ. ನಾನು ಬರೆದದ್ದನ್ನು ಪೂರಾ ನಂಬಬೇಡಿ. ಮೇಲುಸೇತುವೆಯ ಕಂಬಕಂಬಕ್ಕೂ ನಾಯಕರು ಕೈಮುಗಿದು ನಿಂತಿದ್ದದ್ದು ಮಾತ್ರ ನಿಜ. ‘ಎಲ್ಲರ ಪಕ್ಷ, ಎಲ್ಲರ ಜೊತೆ’ ಎಂದು ಅವರ ಪಾದದ ಬಳಿ ಬರೆದಿತ್ತು.

“ಒಂದು ಪಕ್ಷದವ್ರು ಬೈತಾರ, ಇನ್ನೊಂದು ಪಕ್ಷದವ್ರು ಅಂಜಿಸ್ತಾರ. ಇವ್ರು ಕೇಳ್ತಾರ್ರಿ,” ಎಂದರು ಶರಣಪ್ಪ.

“ಹೂಂ, ಕೇಳ್ತಾರ,” ಎಂದರು ಗೌರವ್ವ. “ಗ್ವಾಡಿಗೂ ಕಿವಿ ಇರತಾವಂತ, ಅದೂ ಕೇಳತೈತಿ.”

ಪ್ರತಿ ಚುನಾವಣೆಯಲ್ಲೂ ನಾನು ಒತ್ತುವುದು ಅದೇ ಪಕ್ಷದ ಗುಂಡಿ. ಬೇರೆಯವರು ಇನ್ನೂ ಕೆಟ್ಟವರು ಎಂಬುದನ್ನು ಬಿಟ್ಟರೆ ಅದಕ್ಕೆ ನನ್ನ ಬಳಿ ಬೇರೆ ಕಾರಣವಿಲ್ಲ.

ಕೆಂಪಾಪುರ ದಾಟಿ ಜಕ್ಕೂರಿನ ಹತ್ತಿರ ಬಂದಾಗ ತರಬೇತಿಯ ಪುಟ್ಟ ವಿಮಾನವೊಂದು ತಲೆಯ ಮೇಲೆ ಸುತ್ತು ಹಾಕಿತು. ಯಲಹಂಕದಲ್ಲಿ ಟೀ ಕುಡಿದೆವು, ಲೋಟಕ್ಕೆ ಹದಿನೈದು ರೂಪಾಯಿ. ಶರಣಪ್ಪ ಎರಡೇ ಟೀ ಹೇಳಿ ಮೂರು ಲೋಟಕ್ಕೆ ಹಂಚಿದರು. ಅಲ್ಲಿಂದ ದೊಡ್ಡಬಳ್ಳಾಪುರ ರಸ್ತೆ. ಬಡಾವಣೆಗಳ ಕಮಾನುಗಳು ಒಂದಾದ ಮೇಲೊಂದು ಬಂದವು. ಕಮಾನಿನ ಹಿಂದೆ ರಾಗಿ ಹೊಲ, ಹೊಲದಲ್ಲಿ ಸೈಟಿನ ಕಲ್ಲುಗಳು.

ರಾಜಾನುಕುಂಟೆಯ ಬಯಲಿಗೆ ಬಂದಿಳಿದಾಗ ಸಭೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ, ಹೆಗಲಿಗೆ ಪಕ್ಷದ ಶಾಲು ಹಾಕಿದ್ದ ಒಬ್ಬರು ಓಡಿ ಬಂದರು. ಹಾರ ನೋಡಿ ಮುಖ ಸಣ್ಣದಾಯಿತು.

“ಯಾರ್ರೀ ನಿಮ್ಮನ್ನ ಕಳ್ಸಿದ್ದು? ಆ ಪಕ್ಷದೋರಾ?”

“ಯಾರೂ ಕಳಿಸಿಲ್ರಿ. ಮರ್ಯಾದಿ ಮಾಡಾಕ ತಂದೀವಿ.”

“ಈರುಳ್ಳಿ ರೇಟ್‌ದೇ ಗಲಾಟೆ ಇರೋ ಟೈಮಲ್ಲಿ ಇದು ಮರ್ಯಾದೆನಾ? ಇದನ್ನ ಹಾಕ್ಕೊಂಡಿರೋ ಫೋಟೋ ಆಚೆ ಬಂದ್ರೆ ರೈತರೂ ಉಗೀತಾರೆ, ತಿನ್ನೋರೂ ಉಗೀತಾರೆ.”

ನಾನು ವಿವರಿಸಿದೆ. ಅವರು ಪಕ್ಕಕ್ಕೆ ಹೋಗಿ ಯಾರಿಗೋ ಫೋನ್ ಮಾಡಿದರು. ಹಾರ ತೊಡಿಸಿದರೆ ಅಣಕ, ವಾಪಸ್ ಕಳಿಸಿದರೆ ಕೂಲಿಯವರಿಗೆ ಅವಮಾನ. ಬಹಳ ಹೊತ್ತು ಫೋನಿಗೆ ತಲೆಯಾಡಿಸಿ ಬಂದು ಹೇಳಿದರು: “ಸೇಬಿನ ಹಾರಕ್ಕೆ ಅಂತ ಎರಡು ಕ್ರೇನ್ ಬಂದಿವೆ. ಒಂದಕ್ಕೆ ಇದನ್ನ ಕಟ್ಟಿ ಮೇಲಕ್ಕೆತ್ತಿ. ಇಳಿಸೋದು ಆಮೇಲ್ ನೋಡೋಣ.”

ಕಟ್ಟುವುದಕ್ಕೆ ಕೈಜೋಡಿಸಿದವನು ಅದೇ ಊರಿನ ಮುನಿರಾಜು, ಮೂವತ್ತರ ಆಸುಪಾಸಿನವನು. “ಇಂಗ್ಯಾಕಣ್ಣಾ ತೂತು ಒಡೆದ್ರಿ? ಎಲ್ಡ್ ದಿನಾನೂ ನಿಲ್ಲಾಕಿಲ್ಲ,” ಎಂದು ಗೊಣಗಿದ. ಅವರ ಮನೆಯ ಹೊಲ ಗೋದಾಮಿನ ರಸ್ತೆಗೆ ಹೋಗಿತ್ತು. ದುಡ್ಡು ದೊಡ್ಡಪ್ಪಂದಿರ ಪಾಲಾಗಿ ಅವನಿಗೆ ಉಳಿದದ್ದು ಹಮಾಲಿ ಕೆಲಸ ಕೊಡುತ್ತೇವೆಂಬ ಮಾತು. ನಾವು ಬಂದ ಕೆಲಸ ಕೇಳಿ ಅವನು ನೇರವಾಗಿಯೇ ಹೇಳಿದ: “ನಮಗೂ ಅದೇ ಕೆಲ್ಸ ಬೇಕಾಗಿರೋದು, ಅಣ್ಣಾ.” ಶರಣಪ್ಪ ಅವನ ಮುಖ ನೋಡಿದರು. ಇಬ್ಬರೂ ಮತ್ತೆ ಗಂಟು ಬಿಗಿಯತೊಡಗಿದರು.

ನಾಯಕರು ಬಂದಾಗ ಎರಡು ಗಂಟೆಯಾಗಿರಬಹುದು. ಸೇಬಿನ ಹಾರವನ್ನು ಇನ್ನೊಂದು ಕ್ರೇನು ಅವರ ಕೊರಳ ಮುಂದಕ್ಕೆ ಇಳಿಸಿತು, ಪಟಾಕಿ ಸಿಡಿಯಿತು. ನಮ್ಮ ಹಾರ ವೇದಿಕೆಯ ಎಡಕ್ಕೆ ಮೇಲೆಯೇ ತೂಗುತ್ತಿತ್ತು. ನಾಯಕರು ಅದರ ಕಡೆ ಒಮ್ಮೆ ಕೈಮುಗಿದರು, ಆಮೇಲೆ ಅದು ಚಿತ್ರದಲ್ಲಿ ಬೀಳದಂತೆ ಎರಡು ಹೆಜ್ಜೆ ಬಲಕ್ಕೆ ಸರಿದು ನಿಂತರು. ಭಾಷಣದಲ್ಲಿ ತಾವು ಮಾಲೀಕರ ವಿರುದ್ಧವೂ ಅಲ್ಲ, ಕಾರ್ಮಿಕರ ವಿರುದ್ಧವೂ ಅಲ್ಲ, ಹೊರಗಿನವರ ವಿರುದ್ಧವೂ ಅಲ್ಲ, ಊರಿನವರ ವಿರುದ್ಧವೂ ಅಲ್ಲ ಎಂದರು. ಪ್ರತಿಯೊಂದಕ್ಕೂ ಚಪ್ಪಾಳೆ ಬಿತ್ತು. ಯಾವುದಕ್ಕೋ ನಾನೂ ತಟ್ಟಿರಬೇಕು.

ಅವರು ಇಳಿದು ಬರುವಾಗ ದಾರಿಯಲ್ಲಿ ನಿಂತೆವು. ನಾಯಕರು ಶರಣಪ್ಪನ ಎರಡೂ ಕೈ ಹಿಡಿದುಕೊಂಡರು. ಗೋದಾಮಿನ ಮಾಲೀಕರು ಅವರ ಬೆನ್ನಿಗೇ ಇದ್ದರು. ನಾನು ನನ್ನ ಒಂದು ಮಾತು ಹೇಳಿದೆ.

“ನ್ಯಾಯವಾದ ಮಾತು,” ಎಂದರು ನಾಯಕರು.

“ಊರ್‌ನೋರ್‌ಗೆ ಕೊಡ್ತೀವಿ ಅಂದಿದ್ರಿ ಅಣ್ಣಾ,” ಎಂದ ಹಿಂದಿನಿಂದ ಮುನಿರಾಜು.

“ಅದೂ ನ್ಯಾಯವಾದ ಮಾತು.” ಮಾಲೀಕರ ಕಡೆ ತಿರುಗಿದರು. “ನಿಮ್ಮ ಕಷ್ಟನೂ ನಂಗೆ ಗೊತ್ತು. ಯಾರಿಗೂ ಅನ್ಯಾಯ ಆಗ್ದೇ ಇರೋ ಹಾಗೆ ನೋಡೋಣ.”

“ಆ ಹಾರ ಹಾಕ್ಕೋತೀರೇನ್ರಿ, ಇಲ್ಲೋ?” ಎಂದು ಕೇಳಿದರು ಗೌರವ್ವ.

ನಾಯಕರು ಮೇಲಕ್ಕೆ ನೋಡಿದರು. ನಿಜವಾಗಿಯೂ ಅಕ್ಕರೆಯಿಂದ ನಕ್ಕರು. “ಹಾಕ್ಕೊಂಡ ಹಾಗೇ, ಅಮ್ಮಾ.”

ಕಾರುಗಳು ಹೋದವು. ಶಾಲಿನವರೂ ಹೋದರು. ಕ್ರೇನಿನವನು ಮಾತ್ರ ನಮ್ಮನ್ನು ಬಯ್ಯುತ್ತ ಉಳಿದ. ಅವನಿಗೆ ಸಂಜೆ ಇನ್ನೊಂದು ಪಕ್ಷದ ಸಭೆಗೆ ಹೋಗಬೇಕಿತ್ತು, ಹಾರವನ್ನು ಇಳಿಸುವುದೋ ಬಿಡುವುದೋ ಅವನಿಗೆ ಯಾರೂ ಹೇಳಿರಲಿಲ್ಲ. ಕೊನೆಗೆ ನಾವೇ ಇಳಿಸು ಎಂದೆವು. ಊರಿನ ಹೆಂಗಸರು ಚೀಲ ಹಿಡಿದು ಬಂದರು, ಗೌರವ್ವ ದಾರ ಕತ್ತರಿಸಿ ಬಾಚಿ ಬಾಚಿ ಹಾಕಿದರು. “ಇವತ್ತ ಹುಳಿಗಿ ಹಾಕ್ರವ್ವಾ, ನಾಳಿಗಿ ಕೊಳಿತಾವ.” ಅರ್ಧ ಮೂಟೆ ಮುನಿರಾಜುವಿನ ಪಾಲಿಗೆ ಬಂತು. ಅವನು ಸೊಂಟ ಬಗ್ಗಿಸಿ, ಕೈಯ ಬಲದಲ್ಲೇ ಎತ್ತಲು ಹೋಗಿ ಮುಗ್ಗರಿಸಿದ. ಶರಣಪ್ಪ ಬಾಯಿ ತೆರೆದರು, ಏನೋ ಹೇಳುವವರಿದ್ದರು. ಹೇಳಲಿಲ್ಲ. ಆ ಕೆಲಸಕ್ಕೆ ತಾನೇ ಇಬ್ಬರೂ ಬಂದಿದ್ದದ್ದು. ಫೋನ್ ನಂಬರನ್ನು ಮಾತ್ರ ಇಸಕೊಂಡರು.

ಉಳಿದ ಈರುಳ್ಳಿಯ ಮೂಟೆಯೊಂದಿಗೆ ಬಸ್ಸು ಹತ್ತಿದೆವು. “ಅಮ್ಮಂಗ್ ಫ್ರೀ, ಈರುಳ್ಳಿಗ್ ಇಲ್ಲ,” ಎಂದು ಕಂಡಕ್ಟರ್ ಲಗೇಜು ಟಿಕೆಟ್ ಹರಿದ. ಯಲಹಂಕ ಬಿಟ್ಟ ಮೇಲೆ ಶರಣಪ್ಪನ ಫೋನ್ ಬಡಿಯಿತು. ಗೋದಾಮಿನ ಮೇಸ್ತ್ರಿ. ಹಳೇ ಗೋದಾಮಿನ ಸರಕೆಲ್ಲ ನಾಳೆಯಿಂದ ರಾಜಾನುಕುಂಟೆಗೆ ಸಾಗಿಸಬೇಕು, ಎಲ್ಲರೂ ಬನ್ನಿ, ಕೂಲಿ ಒಂದೂವರೆ ಪಟ್ಟು ಎಂದ.

“ಅಲ್ಲಿ ಇಳಸವ್ರು ಯಾರ್ರಿ?” ಎಂದು ಕೇಳಿದರು ಶರಣಪ್ಪ. ಉತ್ತರ ಕೇಳಿ ಫೋನ್ ಇಟ್ಟರು. “ಅಲ್ಲಿಯವ್ರಂತ. ನಾವು ನಮ್ಮ ಕೆಲಸಾ ಲಾರಿಗಿ ಹೇರಿ ಕಳಸೂದು, ಅವ್ರು ಇಳಿಸ್ಕೊಳ್ಳೂದು.”

ನನಗೆ ಮೈ ಉರಿಯಿತು, ಹೇರಬೇಡಿ ಎಂದೆ. ನಿಮಗೇನ್ರಿ, ಎಂಬಂತೆ ಗೌರವ್ವ ನನ್ನನ್ನು ನೋಡಿದರು. ಶರಣಪ್ಪ ಅಷ್ಟರಲ್ಲಿ ಮುನಿರಾಜುವಿಗೆ ಫೋನ್ ಹಚ್ಚಿದ್ದರು, ಬಸ್ಸಿನ ಸದ್ದಿಗೆ ಸ್ಪೀಕರ್ ಹಾಕಿದ್ದರು.

“ತಮ್ಮಾ, ನಾಳೆ ನಾವು ಹೇರೂದಿಲ್ಲ ಅಂತ ಕೂತ್ರ, ನೀವೂ ಇಳಸೂದಿಲ್ಲ ಅಂತ ಕೂಡ್ತೀರೇನು? ಇಬ್ಬರನ್ನೂ ತೊಗೊಳ್ಳಿ ಅನ್ನೂಣು. ಹೂಂ ಅನ್ನು, ಇಲ್ಲಾ ಉಹೂಂ ಅನ್ನು. ನೋಡೂಣು ಅನ್ನಬ್ಯಾಡ.”

ಆಚೆ ಕಡೆ ಒಗ್ಗರಣೆಯ ಸದ್ದು ಕೇಳಿಸುತ್ತಿತ್ತು. ನಮ್ಮ ಈರುಳ್ಳಿಯದೇ ಎಂದುಕೊಂಡೆ, ಅದು ಆಮೇಲೆ ನಾನು ಸೇರಿಸಿದ್ದೂ ಇರಬಹುದು.

“ಆಗಾಕಿಲ್ಲ ಅಣ್ಣಾ,” ಎಂದ ಮುನಿರಾಜು. “ನಾನ್ ಇಳಿಸ್ದೆ ಓದ್ರೆ ಪಕ್ಕದ್ಮನೆಯೋನ್ ಇಳಿಸ್ತಾನೆ. ನಂಗೆ ಕೆಲ್ಸ ಬೇಕು. ಬೇಜಾರ್ ಮಾಡ್ಕೋಬ್ಯಾಡಿ.”

ಜಕ್ಕೂರು ಹಿಂದಕ್ಕೆ ಹೋಯಿತು.

“ಆತು,” ಎಂದರು ಶರಣಪ್ಪ. “ಹಂಗಾದ್ರ ಕೇಳು. ಮೂಟಿ ಕೈಲೆ ಎತ್ತಬ್ಯಾಡ. ಮೊಣಕಾಲು ಮಡಚಿ ಕೂಡು, ಬೆನ್ನಿಗಿ ತೊಗೊ, ಆಮ್ಯಾಗ ಏಳು. ನಡಾ ಬಗ್ಗಿಸಿದ್ಯೋ, ಎರಡ ವರ್ಷದಾಗ ಹೋದಿ.”

ಫೋನ್ ಜೇಬಿಗಿಟ್ಟು, ಮುಂದೆ ಹೆಬ್ಬಾಳದಲ್ಲಿ ನಿಂತ ಕೆಂಪು ದೀಪಗಳ ಸಾಲನ್ನು ನೋಡುತ್ತ ಕೂತರು.

“ನೋಡೂಣು ಅನ್ನಲಿಲ್ಲ, ನೋಡ್ರಿ ಅಂವ,” ಎಂದರು.