ಗುರಾಣಿ ಹಿಡಿದ ಅಕ್ಕ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು ಅಕ್ಕನ ಕೆಲಸ. ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಳು. ಬಸ್ಸು ಓಡಿಸುವ ತಮ್ಮ ಮೆಟ್ಟಿಲು ಜಾರಿ ಕಾಲು ಮುರಿದುಕೊಂಡಾಗ ಅವಳ ಮನೆಗೇ ಬಂದು ಸೇರಿದ. ಪ್ಲಾಸ್ಟರಿನ ಕಾಲನ್ನು ಎರಡು ದಿಂಬಿನ ಮೇಲೆ ಏರಿಸಿ, ದಿನವಿಡೀ ಕಂಪ್ಯೂಟರಿನಲ್ಲಿ ಒಂದು ಆಟ ಆಡುತ್ತಿದ್ದ. ಕಾಡು, ಚಳಿ, ರಾಕ್ಷಸರು. ಉಟ್ಟ ಬಟ್ಟೆಯಲ್ಲಿ ಬಂದಿಳಿದು ಹೇಗಾದರೂ ಬದುಕಿ ಉಳಿಯಬೇಕು.

"ಇವನು ಯಾರೋ? ಸಿಪಾಯಿನಾ, ಮಂತ್ರವಾದಿನಾ?" ಬಟ್ಟೆ ಮಡಚುತ್ತಾ ಅಕ್ಕ ಪರದೆಯ ಕಡೆ ನೋಡಿ ಕೇಳಿದಳು.

"ಇದ್ರಲ್ಲಿ ಹಾಗೆ ಮೊದಲೇ ಆರಿಸ್ಕೊಳ್ಳೋದಿಲ್ಲಕ್ಕ. ಓಡಿದ್ರೆ ಓಟ ಬೆಳೆಯುತ್ತೆ, ಬಿಲ್ಲು ಹಿಡಿದ್ರೆ ಗುರಿ ಬೆಳೆಯುತ್ತೆ. ಏನು ಮಾಡ್ತೀವೋ ಅದೇ ಆಗ್ತೀವಿ."

ಅವಳ ಕೈ ನಿಂತಿತು. "ಎಲ್ಲಾನೂ ಮಾಡಿದ್ರೆ?"

"ಯಾವುದ್ರಲ್ಲೂ ಗಟ್ಟಿಯಾಗಲ್ಲ."

"ಅದು ಹೇಗೆ ಹೇಳ್ತೀಯ? ಮಾಡಿ ನೋಡಿದ್ದೀಯಾ?"

ತಮ್ಮ ಮಾಡಿ ನೋಡಿರಲಿಲ್ಲ. ಅವನದು ಒಂದೇ ದಾರಿ: ಎರಡು ಕೈಯ ಸುತ್ತಿಗೆ ಎತ್ತಿ ನುಗ್ಗುವುದು. ಗುಹೆಯ ದೈತ್ಯ ಅವನನ್ನು ಮೂರು ಸಲ ಚಪ್ಪಟೆ ಮಾಡಿದ್ದ. ಅಕ್ಕ ಆಟದೊಳಗಿನ ತಮ್ಮನ ಚೀಲ ತೆರೆಸಿ ನೋಡಿದಳು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಮೈ ತುಂಬ ಕಬ್ಬಿಣ ಹೊದ್ದಿದ್ದಾನೆ, ತಿಂದಿರೋದು ಎರಡು ಕಾಡುಹಣ್ಣು."

ಮರುದಿನ ಪಕ್ಕದ ಮನೆಯವರ ಹಳೆಯ ಲ್ಯಾಪ್‌ಟಾಪ್ ಕೇಳಿ ತಂದು ತನ್ನದೇ ಒಬ್ಬ ಹೆಂಗಸನ್ನು ಆಟದ ಕಾಡಿಗಿಳಿಸಿದಳು. ಮೊದಲ ವಾರ ಯಾರ ಮೇಲೂ ಕೈಮಾಡಲಿಲ್ಲ. ಸುಟ್ಟ ಮಾಂಸ ತಿಂದರೆ ಪ್ರಾಣ ಹೆಚ್ಚುತ್ತದೆ, ಜೇನು ತಿಂದರೆ ದಮ್ಮು ಹೆಚ್ಚುತ್ತದೆ ಎಂದು ಕಂಡುಕೊಂಡಳು. ಆಮೇಲೆ ಈಟಿ ಹಿಡಿದು ನೋಡಿದಳು, ಬಿಲ್ಲು ಹಿಡಿದು ನೋಡಿದಳು. ಕೊನೆಗೆ ಒಂದು ಪುಟ್ಟ ಗುರಾಣಿಯ ಮೇಲೆ ಕಣ್ಣು ಬಿತ್ತು. ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ಅದನ್ನೆತ್ತಿದರೆ ಹೊಡೆಯುವವನೇ ತತ್ತರಿಸುತ್ತಾನೆ.

"ಮುಂಚೆನೇ ಎತ್ತಿದ್ರೆ?" ಎಂದು ತಮ್ಮನನ್ನು ಕೇಳಿದಳು.

"ಸಾಯ್ತೀಯ."

"ತಡವಾದ್ರೆ?"

"ಆಗ್ಲೂ ಸಾಯ್ತೀಯ."

ಅವಳು ಎರಡೂ ರೀತಿಯಲ್ಲಿ ಸತ್ತು ನೋಡಿದಳು. ಗುರಾಣಿ ಪಳಗಲಿ ಎಂದು ಒಂದು ಇಡೀ ಭಾನುವಾರ ಕಾಡುಹಂದಿಯ ಮುಂದೆ ನಿಂತು ಗುದ್ದಿಸಿಕೊಂಡಳು. ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ.

ಮುಂದಿನ ಭಾನುವಾರ ಎರಡು ಕಂಪ್ಯೂಟರನ್ನೂ ಒಂದೇ ಆಟಕ್ಕೆ ಸೇರಿಸಿಕೊಂಡು ಇಬ್ಬರೂ ಗುಹೆಗೆ ಹೋದರು. ದೈತ್ಯ ಮರದ ದಿಮ್ಮಿ ಎತ್ತಿದ. ಅಕ್ಕ ಅವಸರಪಟ್ಟಳು, ಅರ್ಧ ಪ್ರಾಣ ಹೋಯಿತು.

"ಓಡಕ್ಕ, ಓಡು!"

"ಸುಮ್ನಿರೋ, ಅವನ ಭುಜ ನೋಡ್ತಿದ್ದೀನಿ. ಹೊಡೆಯೋ ಮುಂಚೆ ಒಂದು ಸಲ ಜಗ್ಗುತ್ತೆ."

ದಿಮ್ಮಿ ಮತ್ತೆ ಮೇಲೇರಿತು. ಭುಜ ಜಗ್ಗಿತು. ಠಣ್! ದೈತ್ಯ ಕುಡಿದವನಂತೆ ಹಿಂದಕ್ಕೆ ತೂರಾಡಿದ. "ಈಗ ಹೊಡಿ!" ಎಂದು ಅಕ್ಕ ಕೂಗಿದಳು. ತಮ್ಮನ ಸುತ್ತಿಗೆಗೆ ಅಷ್ಟು ಬಿಡುವು ಸಾಕಾಗಿತ್ತು. ಹೀಗೆ ನಾಲ್ಕು ಬಾರಿ ಆಗುವಷ್ಟರಲ್ಲಿ ದೈತ್ಯ ನೆಲಕ್ಕುರುಳಿದ. ಖುಷಿಗೆ ತಮ್ಮ ಪ್ಲಾಸ್ಟರಿನ ಕಾಲನ್ನೇ ನೆಲಕ್ಕೆ ಕುಟ್ಟಿ, "ಅಯ್ಯಯ್ಯೋ" ಎಂದು ಬೊಬ್ಬೆ ಹಾಕಿದ.

ಕಾಲು ನೆಟ್ಟಗಾದ ಮೇಲೆ ಅವನು ಕೆಲಸಕ್ಕೆ ಮರಳಿದ. ಒಂದು ಸಂಜೆ ಡಿಪೋದಿಂದ ಫೋನ್ ಮಾಡಿದ.

"ಆಟದಲ್ಲಿ ಹಿಮದ ಬೆಟ್ಟ ಹತ್ತಿದ್ಯಾ ಅಕ್ಕ?"

"ಇಲ್ಲ ಕಣೋ. ಇನ್ನೊಬ್ಬಳನ್ನ ಹೊಸದಾಗಿ ಶುರು ಮಾಡಿದ್ದೀನಿ. ಆಯುಧಾನೇ ಕೊಡಲ್ಲ, ಬರೀ ಮುಷ್ಟಿ. ಎಲ್ಲಿವರೆಗೂ ಹೋಗ್ತಾಳೆ ನೋಡೋಣ ಅಂತ."

"ಎಲ್ಲಿವರೆಗೂ ಹೋದ್ಲು?"

"ಮೊಲ ಹೊಡೆದಾಯ್ತು. ಹಂದಿ ಜೊತೆ ಸರಿಸಮ. ಇರು, ಏನೋ ದೊಡ್ಡದು ಬರ್ತಿದೆ, ಆಮೇಲೆ ಮಾಡ್ತೀನಿ," ಎಂದು ಅವಳು ಫೋನ್ ಇಟ್ಟಳು.