ಬೀದಿಗೆ ಎಂಟು ಕೀರ್ತನೆ

ಬೆಳಗಿನ ಐದೂ ಕಾಲು. ಅರಸೀಕೆರೆಯಿಂದ ಹಾರನಹಳ್ಳಿ ಕಡೆಗೆ ಹೋಗುವ ಮೊದಲ ಬಸ್ಸು ಇನ್ನೂ ಬಂದಿಲ್ಲ. ಬೋರನಕೊಪ್ಪಲಿನ ಮೇಲಿನ ಬೀದಿಯ ತುದಿಯಲ್ಲಿ ಒಬ್ಬ ಹೆಂಗಸು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚಪ್ಪಡಿ ಕಲ್ಲು ಸರಿಸಿ, ವಾಲಿನ ಗುಂಡಿಯೊಳಕ್ಕೆ ಬಗ್ಗಿದ್ದಾರೆ. ಕೈಯಲ್ಲಿ ಎದೆಮಟ್ಟದ ಕಬ್ಬಿಣದ ಕೀಲಿ. ಅದನ್ನು ವಾಲಿನ ತಲೆಗೆ ಕೂರಿಸಿ, ಎರಡೂ ಕೈಯಲ್ಲಿ ಹಿಡಿದು, ಮೈಭಾರವನ್ನೆಲ್ಲ ಬಿಟ್ಟು ತಿರುಗಿಸುತ್ತಾರೆ. ಮೂರನೇ ಸುತ್ತಿಗೆ ಪೈಪಿನೊಳಗೆ ಗಾಳಿ ಕೆಮ್ಮುತ್ತದೆ, ನಲ್ಲಿಯ ಕೆಳಗಿನ ಬಿಂದಿಗೆಗಳು ಸದ್ದು ಮಾಡತೊಡಗುತ್ತವೆ. ಹೆಂಗಸು ಬೆನ್ನು ನೆಟ್ಟಗೆ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು, ಹಾಡಲು ಶುರು ಮಾಡುತ್ತಾರೆ.

ಇವರು ಮಾರ್ತಮ್ಮ, ವಯಸ್ಸು ಐವತ್ತೆರಡು. ಈ ಊರಿನ ನೀರುಗಂಟಿ. ಬೋರ್‌ವೆಲ್ಲಿನ ಮೋಟರು ಹಾಕುವುದು, ಟ್ಯಾಂಕು ತುಂಬಿಸುವುದು, ನಾಲ್ಕು ಬೀದಿಗೆ ಸರದಿಯ ಮೇಲೆ ನೀರು ಬಿಡುವುದು ಅವರ ಕೆಲಸ. ಕೈಗೆ ಗಡಿಯಾರವಿಲ್ಲ. ಚರ್ಚಿನಲ್ಲಿ ಕಲಿತ ಎಂಟು ಕೀರ್ತನೆಗಳೇ ಗಡಿಯಾರ. ಒಂದು ಬೀದಿಗೆ ಎಂಟು ಕೀರ್ತನೆ, ಅಂದರೆ ಸುಮಾರು ಅರ್ಧ ಗಂಟೆ. ಎಂಟನೆಯದು ಮುಗಿಯಿತೆಂದರೆ ಆ ಬೀದಿಯ ವಾಲು ಬಂದ್, ಮುಂದಿನ ಬೀದಿಯದು ಶುರು.

ಊರಿನಲ್ಲಿ ಕ್ರೈಸ್ತರ ಮನೆ ಅವರದೊಂದೇ. ಆದರೂ ಆ ಎಂಟು ಕೀರ್ತನೆಗಳ ಕ್ರಮ ಊರಿನ ಹೆಂಗಸರಿಗೆಲ್ಲ ಬಾಯಿಪಾಠ. ಆರನೆಯದು ಕೇಳಿಸಿತೆಂದರೆ ಒಳಗೆ ಅಂಬಲಿ ತಿರುವುತ್ತಿದ್ದವಳೂ ಕೊಡ ಎತ್ತಿಕೊಂಡು ಓಡಿ ಬರುತ್ತಾಳೆ. “ಏಳನೇದು ಬಂತು ಕಣೇ, ನಿನ್ನ ಹಂಡೆ ಆಮೇಲೆ ತೊಳಿ, ಜಾಗ ಬಿಡು” ಎಂದು ನಲ್ಲಿಯ ಮುಂದೆ ಜಗಳವಾಗುವುದೂ ಉಂಟು. ನೆಂಟರ ಮನೆಗೆ ಹೋದವರು “ನಿಮ್ಮೂರಲ್ಲಿ ಎಷ್ಟು ಕೀರ್ತನೆ ನೀರು ಬಿಡ್ತಾರೆ?” ಎಂದು ಕೇಳಿ ನಗೆಪಾಟಲಾಗಿದ್ದಾರೆ.

ಹಳೇಬೀಡಿನ ಕೆರೆ ಏರಿಯ ಕೆಳಗೆ ಹುಟ್ಟಿ ಬೆಳೆದ ಮಾರ್ತಮ್ಮನಿಗೆ ನೀರನ್ನು ಅಳೆದು ಕೊಡುವುದೆಂದರೇನು ಎಂದೇ ಗೊತ್ತಿರಲಿಲ್ಲ. ತಾಯಿ ಮಿಷನ್ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದವರು. ಓದು ಬಂದದ್ದು, ದೇವರ ಭಯ ಬಂದದ್ದು ಅಲ್ಲಿಂದಲೇ. ಮದುವೆಯಾಗಿ ಬಂದ ಈ ಊರಿನಲ್ಲಿ ಗಂಡ ಚಿಕ್ಕಣ್ಣ ನೀರುಗಂಟಿ. ತೊಂಬತ್ತೆರಡರಲ್ಲಿ ಅವರು ಜ್ವರ ಬಂದು ತೀರಿಕೊಂಡಾಗ ಪಂಚಾಯಿತಿಯವರು “ಹೊಸಬರು ಸಿಗೋವರೆಗೂ ನೀನೇ ನೋಡ್ಕೊಳ್ಳಮ್ಮ” ಎಂದು ಕೀಲಿ ಕೊಟ್ಟರು. ಹನ್ನೊಂದು ವರ್ಷವಾಯಿತು, ಹೊಸಬರು ಇನ್ನೂ ಸಿಕ್ಕಿಲ್ಲ.

ಕೀಲಿಯ ತೂಕ ಏಳು ಕೇಜಿ. ನಾಲ್ಕು ಬೀದಿ, ಒಂಬತ್ತು ವಾಲು, ಇಪ್ಪತ್ತಾರು ನಲ್ಲಿ, ಇನ್ನೂರ ಹನ್ನೆರಡು ಮನೆ. ಬೆಳಿಗ್ಗೆ ಎರಡೂವರೆ ಗಂಟೆ ಹೊತ್ತು ನಡೆದೇ ನಡೆಯಬೇಕು. ಆಮೇಲೆ ಒಡೆದ ಪೈಪಿಗೆ ಸೈಕಲ್ ಟ್ಯೂಬು ಸುತ್ತುವುದು, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವುದು, ಕರೆಂಟು ಬಂದ ತಕ್ಷಣ ಮೋಟರಿನ ಮನೆಗೆ ಓಡುವುದು. ಭಾನುವಾರವೂ ಬಿಡುವಿಲ್ಲ. ನೀರು ಬಿಟ್ಟು, ಸ್ನಾನ ಮಾಡಿ, ಟೆಂಪೊ ಹಿಡಿದು ಅರಸೀಕೆರೆಯ ಚರ್ಚು ಮುಟ್ಟುವಷ್ಟರಲ್ಲಿ ಪಾದ್ರಿಗಳ ಉಪದೇಶದ ಪ್ರಸಂಗ ಅರ್ಧ ಮುಗಿದಿರುತ್ತದೆ. ಹಿಂದಿನ ಸಾಲಿನಲ್ಲಿ ಸದ್ದಿಲ್ಲದೆ ಕೂರುತ್ತಾರೆ. “ಅರ್ಧ ಪ್ರಸಂಗಾನೇ ನಡೆಸಿಕೊಂಡು ಹೋಗೋಕೆ ಒಂದು ವಾರ ಸಾಲಲ್ಲ, ಪೂರ್ತಿ ಕೇಳಿ ಏನ್ ಮಾಡ್ಲಿ” ಎನ್ನುತ್ತಾರೆ ಮಾರ್ತಮ್ಮ.

ಇದು ತಮಾಷೆಯ ಮಾತಾಗಿ ಕೇಳಿಸಬಹುದು. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ನಡೆದದ್ದನ್ನು ಕೇಳಿದರೆ ಮಾತ್ರ ಈಕೆ ಕೇಳಿದ ಅರ್ಧವನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡವರು ಎಂದು ತಿಳಿಯುತ್ತದೆ.

ಆ ವರ್ಷ ಎರಡು ಬೋರ್‌ವೆಲ್ಲಿನಲ್ಲಿ ಒಂದು ಬತ್ತಿತ್ತು. ಮೇಲಿನ ಬೀದಿಯ ಪಂಚಾಯಿತಿ ಸದಸ್ಯ ದೊಡ್ಡಬೀರಪ್ಪ ಒಂದು ದಾರಿ ಹೇಳಿದರು. ಮೇಲಿನ ಬೀದಿಯಲ್ಲಿ ದನಕರು ಜಾಸ್ತಿ. ಆದ್ದರಿಂದ ಮಳೆ ಬರುವವರೆಗೆ ಕೆಳಗಿನ ಬೀದಿಗೆ ದಿನ ಬಿಟ್ಟು ದಿನ ನೀರು ಬಿಟ್ಟರಾಯಿತು. ಕೆಳಗಿನ ಬೀದಿಯೆಂದರೆ ಕೂಲಿಯವರ ಬೀದಿ, ಮಾರ್ತಮ್ಮನ ಮನೆಯೂ ಅಲ್ಲೇ. ಅವರು ಒಪ್ಪಲಿಲ್ಲ.

“ದನಕ್ಕೆ ಬಾಯಾರೋದು ನಿಜ ಕಣಪ್ಪ, ಇಲ್ಲ ಅನ್ನಲ್ಲ” ಎಂದರಂತೆ. “ಆದ್ರೆ ಮಳೆ ಕೊಡೋನು ಒಳ್ಳೇರು ಕೆಟ್ಟೋರು ಅಂತ ನೋಡದೆ ಎಲ್ಲರ ಮೇಲೂ ಸುರಿಸ್ತಾನೆ. ಅವನ ನೀರಿಗೆ ನಾನು ಕಾವಲುಗಾರ್ತಿ ಅಷ್ಟೆ. ಒಂದು ಬೀದಿ ಬಿಟ್ಟು ಒಂದು ಬೀದಿಗೆ ಕೊಡು ಅಂತ ನಂಗೆ ಅಪ್ಪಣೆ ಇಲ್ಲ. ಎಲ್ರಿಗೂ ಕಮ್ಮಿ ಮಾಡು ಅನ್ನಿ, ಮಾಡ್ತೀನಿ.”

ಒಬ್ಬ ನೀರುಗಂಟಿ ಹೀಗೆ ಎದುರು ಮಾತಾಡಿದ್ದು ದೊಡ್ಡಬೀರಪ್ಪನವರಿಗೆ ಸಹಿಸಲಾಗಲಿಲ್ಲ. ಮಾತು ಬೇರೆ ಕಡೆ ತಿರುಗಿತು. “ಅವಳು ನಮ್ಮ ಬೀದೀಲಿ ಓಡಿಸ್ಕೊಂಡು ಹಾಡ್ತಾಳೆ, ತನ್ನ ಬೀದೀಲಿ ಎಳೆದು ಎಳೆದು ಹಾಡ್ತಾಳೆ. ಮೊದಲಿಂದ್ಲೂ ಅವರಿಗೇ ಜಾಸ್ತಿ ಬಿಡ್ತಾವ್ಳೆ” ಎಂದು ಕಟ್ಟೆಯ ಮೇಲೆ ಕೂತು ಹೇಳಿದರು. ಹೇಳಿದ್ದು ಊರೆಲ್ಲ ಹರಡಿತು. ಕೊನೆಗೆ ಊರಿನ ಪದ್ಧತಿಯಂತೆ ತೀರ್ಮಾನವೂ ಆಯಿತು. ಮಾರ್ತಮ್ಮ ಬೀರದೇವರ ಗುಡಿ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ಎಲ್ಲ ಬೀದಿಗೂ ಸಮನಾಗಿ ಬಿಟ್ಟಿದ್ದೇನೆ ಎಂದು ಆಣೆ ಇಡಬೇಕು. ಇಟ್ಟರೆ ಮಾತು ಅಲ್ಲಿಗೆ ಮುಗಿಯಿತು, ದಿನ ಬಿಟ್ಟು ದಿನದ ಮಾತನ್ನೂ ಕೈಬಿಡುತ್ತೇವೆ. ಇಡದಿದ್ದರೆ ಕೀಲಿ ಒಪ್ಪಿಸಬೇಕು.

ಈ ಕಡೆ ಆಣೆಯೆಂದರೆ ಕೊನೆಯ ಮಾತು. ಬದುವಿನ ಜಗಳ, ಕಳುವು, ಗಂಡ ಹೆಂಡತಿಯ ಅನುಮಾನ ಎಲ್ಲವೂ ಅದರಲ್ಲೇ ತೀರುತ್ತವೆ. ಆಣೆ ಇಡಲು ಹಿಂಜರಿದವನು ಕಳ್ಳ ಎಂದೇ ಲೆಕ್ಕ. ಕೆಳಗಿನ ಬೀದಿಯವರು ಮಾರ್ತಮ್ಮನ ಮನೆ ಬಾಗಿಲಿಗೆ ಬಂದು ಕೂತರು. ನಮ್ಮ ನೀರಿನ ಪ್ರಶ್ನೆ, ಒಂದು ಮಾತು ಹೇಳಿ ಬಂದುಬಿಡು ಎಂದು ಪಕ್ಕದ ಮನೆಯ ರಂಗಮ್ಮ ಕೈಮುಗಿದರು. ಅರಸೀಕೆರೆಯಲ್ಲಿ ಶಿಶುವಿಹಾರದ ಟೀಚರ್ ಆಗಿರುವ ಮಗಳು ಚಿತ್ರಾ ರಜೆ ಹಾಕಿ ಬಂದು ಅತ್ತಳು. ಚರ್ಚಿನ ಪಾದ್ರಿ ಅಯ್ಯನವರೂ ಬಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಒಂದು ಉಪಾಯ ಹೇಳಿದರು. ಗುಡಿ ಮುಂದೆ ಬೇಡ, ನಮ್ಮ ದೇವರ ಪುಸ್ತಕದ ಮೇಲೆ ಕೈಯಿಟ್ಟು ಪ್ರಮಾಣ ಮಾಡಮ್ಮ, ಊರವರನ್ನು ನಾನು ಒಪ್ಪಿಸುತ್ತೇನೆ.

“ಅಯ್ಯನೋರೇ, ಆಣೆನೇ ಇಡಬೇಡಿ, ಹೌದಾದ್ರೆ ಹೌದು ಅನ್ನಿ ಸಾಕು ಅಂತ ಸ್ವಾಮಿ ಹೇಳಿರೋದು ಆ ಪುಸ್ತಕದಲ್ಲೇ ಅಲ್ವಾ” ಎಂದರು ಮಾರ್ತಮ್ಮ. “ಅದರ ಮೇಲೆ ಕೈಯಿಟ್ಟು ಅದನ್ನೇ ಮೀರು ಅಂತೀರಲ್ಲ.”

ಅಯ್ಯನವರು ಪ್ರಾರ್ಥನೆ ಮಾಡಿ ಟೆಂಪೊ ಹತ್ತಿದರು.

ಮಾರ್ತಮ್ಮನಿಗೆ ಹೆದರಿಕೆ ಇರಲಿಲ್ಲವೆಂದಲ್ಲ. ಅದನ್ನು ಅವರು ಮುಚ್ಚಿಡುವುದೂ ಇಲ್ಲ. “ಹೆದರಿಕೆ ಇತ್ತು ಕಣ್ರೀ. ನಾನೊಬ್ಳೇ ಹಿಂಗಾಡಿ ಇಡೀ ಬೀದಿ ನೀರು ಕಳೀತಾ ಇದ್ದೀನಾ ಅನ್ನಿಸ್ತಿತ್ತು. ಆದ್ರೆ ಸುಲಭ ಇದ್ದಾಗ ಮಾತ್ರ ಕೇಳ್ತೀನಿ ಅಂದ್ರೆ ಅದು ಕೇಳ್ದಂಗಾ?”

ಆಣೆಗೆ ಗೊತ್ತು ಮಾಡಿದ ದಿನ ಕಟ್ಟೆಯ ಮುಂದೆ ನಿಂತು ಅವರು ಆಡಿದ್ದು ನಾಲ್ಕೇ ಮಾತು. ಆಣೆ ಇಡಲ್ಲ. ನಂಗೆ ತಿಳಿದ ಮಟ್ಟಿಗೆ ಎಲ್ಲ ಬೀದಿಗೂ ಎಂಟೇ ಕೀರ್ತನೆ ಬಿಟ್ಟಿದ್ದೀನಿ. ನಂಬಿಕೆ ಇಲ್ಲದಿದ್ರೆ ಗಡಿಯಾರ ಹಿಡಿದು ಯಾರಾದ್ರೂ ನನ್ನ ಹಿಂದೆ ಬನ್ನಿ. ತಪ್ಪು ಕಂಡರೆ ಕೀಲಿ ನಾನೇ ಕೊಡ್ತೀನಿ. ಗದ್ದಲವಾಯಿತು. ಆದರೆ ಗಡಿಯಾರದ ಮಾತು ಕೆಲವರಿಗೆ ಹಿಡಿಸಿತು. ರಿಟೈರ್ ಆದ ಮೇಷ್ಟರು ಏಕಾಂತಯ್ಯನವರನ್ನು ನೇಮಿಸಿದರು. ಎಪ್ಪತ್ತರ ಆ ಮೇಷ್ಟರು ಮಫ್ಲರ್ ಸುತ್ತಿಕೊಂಡು, ಶಾಲೆಯ ಹಾಜರಿ ಹಿಡಿದಷ್ಟೇ ಶಿಸ್ತಿನಿಂದ, ಏಳು ದಿನ ಬೆಳಿಗ್ಗೆ ಮಾರ್ತಮ್ಮನ ಹಿಂದೆ ನಡೆದರು.

ಏಳನೇ ದಿನ ಕೊನೆಯ ವಾಲು ಮುಚ್ಚಿದಾಗ ಮೇಷ್ಟರ ಮುಖ ಬಾಡಿತ್ತು. ಮೋಟರಿನ ಮನೆ ಹತ್ತಿರ ನಿಂತು ಚೀಟಿ ತೋರಿಸಿದರು. ಮೇಲಿನ ಬೀದಿಗೆ ಮೂವತ್ತೊಂದು ನಿಮಿಷ. ಕೆಳಗಿನ ಬೀದಿಗೆ ಮೂವತ್ತೇಳು. ಏಳು ದಿನವೂ ಇದೇ ಲೆಕ್ಕ. ಹಾಡಿದ್ದು ಎಂಟೇ ಕೀರ್ತನೆ. ಆದರೆ ಬೆಳಿಗ್ಗೆ ಮೊದಲು ಮೇಲಿನ ಬೀದಿ, ಆಗ ಮೈಯಲ್ಲಿ ಕಸುವಿರುತ್ತದೆ. ಕೆಳಗಿನ ಬೀದಿ ಕೊನೆಗೆ, ಅಷ್ಟರಲ್ಲಿ ಏಳು ಕೇಜಿ ಹೊತ್ತು ಎರಡು ಗಂಟೆ ನಡೆದಿರುತ್ತಾರೆ. ಉಸಿರು ಸಾಲದೆ ಹಾಡು ತಾನಾಗಿ ನಿಧಾನವಾಗುತ್ತದೆ. ಒಂಬತ್ತು ವರ್ಷ ಅದೇ ಕ್ರಮದಲ್ಲಿ ವಾಲು ತಿರುಗಿಸಿದ ಮಾರ್ತಮ್ಮನಿಗೆ ಅದು ಗೊತ್ತೇ ಆಗಿರಲಿಲ್ಲ.

“ಒಂದೆರಡು ನಿಮಿಷ ಹೆಚ್ಚುಕಡಿಮೆ ಅಂತ ಹೇಳ್ಬಿಡ್ತೀನಿ ಬಿಡಮ್ಮ, ನೀನೇನು ಬೇಕಂತ ಮಾಡಿದ್ದಲ್ಲ” ಎಂದರು ಮೇಷ್ಟರು. ಮಾರ್ತಮ್ಮ ಚೀಟಿಯನ್ನು ಮಡಚಿ ಅವರ ಕೈಗೇ ವಾಪಸು ಕೊಟ್ಟು, “ನಾನೇ ಹೇಳ್ತೀನಿ ಮೇಷ್ಟ್ರೇ” ಎಂದರು.

ಅವತ್ತು ಹತ್ತು ಗಂಟೆಗೆ ಊರು ಸೇರಿತ್ತು. ಮೇಷ್ಟರು ಬಾಯಿ ತೆರೆಯುವ ಮೊದಲೇ ಮಾರ್ತಮ್ಮ ಮುಂದೆ ಬಂದರು. “ಬೀರಪ್ಪನೋರು ಹೇಳಿದ್ದು ನಿಜ. ಕೆಳಗಿನ ಬೀದಿಗೆ ಆರು ನಿಮಿಷ ಜಾಸ್ತಿ ಹೋಗಿದೆ. ಬೇಕಂತ ಬಿಟ್ಟಿದ್ದಲ್ಲ, ಆದ್ರೂ ತಪ್ಪು ನಂದೇ” ಎಂದು ಕೀಲಿಯನ್ನು ಕಟ್ಟೆಯ ಮೇಲೆ ಇಟ್ಟರು. “ಆ ಆರು ನಿಮಿಷ ಕಿತ್ಕೊಳ್ಳಿ. ನನ್ನ ಕೆಲಸಾನೂ ಕಿತ್ಕೊಳ್ಳಿ. ಆ ಬೀದಿ ಸರದಿ ಮಾತ್ರ ಕೀಳಬೇಡಿ. ಮುಂದೆ ಬರೋರೂ ದಿನಾ ಬಿಡಬೇಕು.”

ಮೊದಲು ಕೇಳಿದವರು ದೊಡ್ಡಬೀರಪ್ಪನವರೇ. “ಅಲ್ಲಮ್ಮ, ಅವತ್ತೇ ಆಣೆ ಇಟ್ಟಿದ್ರೆ ಎಲ್ಲ ಮುಗಿದೇ ಹೋಗ್ತಿತ್ತಲ್ಲ. ಯಾರೂ ಗಡಿಯಾರ ಹಿಡೀತಿರಲಿಲ್ಲ.”

“ಇಟ್ಟಿದ್ರೆ ಸುಳ್ಳಾಣೆ ಆಗ್ತಿತ್ತಲ್ಲಪ್ಪ” ಎಂದರು ಮಾರ್ತಮ್ಮ. “ನಂಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿತ್ತು. ಅದಕ್ಕೇ ಇಡಬೇಡ ಅಂದವ್ನೆ.”

ಹೆಂಗಸರ ಗುಂಪಿನಿಂದ ದೊಡ್ಡಬೀರಪ್ಪನವರ ಹೆಂಡತಿ ಕೆಂಚಮ್ಮ ಗಂಡನನ್ನೇ ಕೇಳಿದರಂತೆ: “ನಾಳೆ ಬೆಳಿಗ್ಗೆ ಕೀಲಿ ಹೊರೋರು ಯಾರು? ನೀವು ಹೊರ್ತೀರಾ?” ಬಿಗಿದಿದ್ದ ಮುಖಗಳು ಸಡಿಲವಾದವು. ದೊಡ್ಡಬೀರಪ್ಪ ಮೀಸೆ ತಿರುವಿದರು. ತನ್ನ ಬೀದಿಯ ತಪ್ಪನ್ನು ತಾನೇ ಹೇಳಿಕೊಂಡವಳ ಕೈಯಲ್ಲೇ ಕೀಲಿ ಇರಲಿ ಎಂದು ಎದ್ದು ಹೋದರು. ದಿನ ಬಿಟ್ಟು ದಿನದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಕೆಳಗಿನ ಬೀದಿಯಲ್ಲಿ ಮಾತ್ರ ಎಲ್ಲರಿಗೂ ಸಂತೋಷವಾಗಲಿಲ್ಲ. ಆರು ನಿಮಿಷ ಕಳೆದದ್ದಕ್ಕೆ ರಂಗಮ್ಮ ಮೂರು ತಿಂಗಳು ಮಾರ್ತಮ್ಮನ ಜೊತೆ ಮಾತು ಬಿಟ್ಟಿದ್ದರು.

ಪಂಚಾಯಿತಿ ಒಂದು ಕೈಗಡಿಯಾರ ಕೊಡಿಸಿತು. ವಾಲಿನ ಗುಂಡಿಯ ನೀರು ಒಳಗೆ ಹೋಗಿ ತಿಂಗಳಿಗೇ ನಿಂತಿತು. ಈಗ ಮತ್ತೆ ಕೀರ್ತನೆಯೇ. ಆದರೆ ಕ್ರಮ ಬದಲಾಗಿದೆ. ಇವತ್ತು ಮೇಲಿನ ಬೀದಿಯಿಂದ ಶುರುವಾದರೆ ನಾಳೆ ಗುಡಿ ಬೀದಿಯಿಂದ, ನಾಡಿದ್ದು ಸಂತೆ ಬೀದಿಯಿಂದ, ಅದರ ಮಾರನೆಯ ದಿನ ಕೆಳಗಿನ ಬೀದಿಯಿಂದ. “ಸುಸ್ತಾದ ಗಂಟಲು ಎಲ್ಲರ ಪಾಲಿಗೂ ಬರ್ಲಿ” ಎಂಬುದು ಮಾರ್ತಮ್ಮನೇ ಕಂಡುಕೊಂಡ ನ್ಯಾಯ.

ಇಷ್ಟಾದರೂ ಅವರ ಕೆಲಸ ಇಂದಿಗೂ ಖಾಯಂ ಆಗಿಲ್ಲ. ಅರ್ಜಿ ಎಂಟು ತಿಂಗಳಿಂದ ಪಂಚಾಯಿತಿ ಆಫೀಸಿನ ಬೀರುವಿನಲ್ಲಿದೆ. ತಡೆದಿರುವುದು ಯಾವ ಅಧಿಕಾರಿಯೂ ಅಲ್ಲ, ಮಾರ್ತಮ್ಮನೇ. ಅರ್ಜಿಯ ಕೊನೆಯಲ್ಲಿ “ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಹೇಳುವುದೇನೆಂದರೆ” ಎಂಬ ಒಂದು ಸಾಲು ಅಚ್ಚಾಗಿದೆ. ಅದರ ಕೆಳಗೆ ಅವರು ಸಹಿ ಹಾಕುವುದಿಲ್ಲ. ಬೇರೆ ಮಾತಿನಲ್ಲಿ ಬರೆಯಲು ಕಾನೂನಿನಲ್ಲಿ ಅವಕಾಶವಿದೆ ಎಂದು ಕಾರ್ಯದರ್ಶಿ ಲಕ್ಷ್ಮೀಶ ಕೇಳಿ ತಿಳಿದಿದ್ದಾರೆ. ಆದರೆ ಹೊಸ ನಮೂನೆ ಟೈಪ್ ಮಾಡಿಸಿ ತರಲು ಅವರಿಗೆ ಇನ್ನೂ ಪುರುಸೊತ್ತಾಗಿಲ್ಲ.

ಕೀಲಿ ಹೆಗಲಿಗೇರಿಸಿ ಮುಂದಿನ ಬೀದಿಗೆ ಹೊರಟ ಮಾರ್ತಮ್ಮನನ್ನು ದಾರಿಯಲ್ಲಿ ಎದುರಾದ ಲಕ್ಷ್ಮೀಶ ಇವತ್ತೂ ತಡೆಯುತ್ತಾರೆ. “ಒಂದು ಸಾಲಿಗೆ ಯಾಕಮ್ಮ ಇಷ್ಟು ಹಟ? ಹನ್ನೊಂದು ವರ್ಷ ಕೆಲಸ ಮಾಡಿದ್ದು ನಿಜ ತಾನೆ?”

“ಹೌದು” ಎನ್ನುತ್ತಾರೆ ಮಾರ್ತಮ್ಮ. “ಹೌದು ಅಂದಿದ್ದೀನಲ್ಲ ಸ್ವಾಮಿ. ಅಷ್ಟನ್ನೇ ಬರ್ಕೊಳ್ಳಿ, ಸೈನ್ ಹಾಕ್ತೀನಿ.”