ಗಾಳಿಯಿಲ್ಲದೆ ನಲವತ್ತೆಂಟು ಸುತ್ತು

ದೂರದ ದಕ್ಷಿಣ ಸಮುದ್ರದ ಚಾಥಮ್ ದ್ವೀಪದ ಆ ಕೊನೆಯಲ್ಲಿ ಕೆಟ್ಟ ಯಂತ್ರವನ್ನು ಯಾರೂ ಎಸೆಯುವುದಿಲ್ಲ, ನೈರಿಗೆ ಕೊಡುತ್ತಾರೆ. ಅಪ್ಪನ ಮೀನುದೋಣಿಯ ರೇಡಿಯೋ ಬಿಚ್ಚಿ ಬೆಸುಗೆ ಕಲಿತವಳು. ಮದುವೆಯಾಗಿ ಕುರಿ ಸಾಕುವ ಮನೆಗೆ ಬಂದ ಮೇಲೂ ಆ ಚಟ ಬಿಡಲಿಲ್ಲ. ಹಡಗಿನಲ್ಲಿ ಬರುವ ಡೀಸೆಲ್ಲಿನ ಕರೆಂಟು ನಂಬಿ ಕೂತರೆ ಮಗುವಿನ ಬಟ್ಟೆ ಒಗೆಯಲೂ ದಿನ ನೋಡಬೇಕೆಂದು, ಹಳೆಯ ವಾಷಿಂಗ್ ಮಷೀನಿನ ಮೋಟಾರಿಗೆ ಮರದ ರೆಕ್ಕೆ ಕಟ್ಟಿ ದಿಬ್ಬದ ಮೇಲೆ ಗಾಳಿಯಂತ್ರ ನಿಲ್ಲಿಸಿದಳು.

ಚಳಿಗಾಲದ ಬಿರುಗಾಳಿಗೆ ಒಂದು ರೆಕ್ಕೆ ಹಾರಿ ಉಣ್ಣೆ ಕೊಟ್ಟಿಗೆಯ ಮಾಡಿಗೆ ನಾಟಿತು. ಹೊಸ ರೆಕ್ಕೆ ಹಾಕಿದಳು. ಗಾಳಿ ಜೋರಾದರೆ ತಾನೇ ಮಡಚಿಕೊಂಡು ಯಂತ್ರವನ್ನು ಓರೆ ಮಾಡುವ ಬಾಲವನ್ನೂ ಜೋಡಿಸಿದಳು. ಮಾವ ತಾಮಿಹಾನ, ಮನೆಮಂದಿಗೆಲ್ಲ ಕೊರೊ, ಅಂದರೆ ಅಜ್ಜ, ನಂಬಲಿಲ್ಲ.

"ನಿಮಿಷಕ್ಕೆ ಮುನ್ನೂರೈವತ್ತು ಸುತ್ತು ದಾಟಲ್ಲ ಕೊರೊ, ಇನ್ನು ರೆಕ್ಕೆ ಹಾರಲ್ಲ."

"ಯಾರಮ್ಮ ಎಣಿಸಿದ್ದು, ಕುರಿಗಳಾ? ಭಾನುವಾರದೊಳಗೆ ತೋರ್ಸು. ಇಲ್ಲಾಂದ್ರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕೆಡವ್ತೀನಿ."

ನೈರಿ ರೆಕ್ಕೆಗಳ ನಡುವೆ ತಿರುಗುವ ಗುಂಬಕ್ಕೆ ಒಂದು ಅಯಸ್ಕಾಂತ ಅಂಟಿಸಿದಳು. ಅದರೆದುರು ಹಳೆಯ ಬಾಗಿಲ ಅಲಾರಮ್ಮಿನ ಪುಟ್ಟ ಸ್ವಿಚ್ಚು: ಅಯಸ್ಕಾಂತ ಹಾದಾಗಲೆಲ್ಲ ಒಳಗಿನ ಎರಡು ತಗಡು ಕೂಡಿ ಬೇರಾಗುತ್ತವೆ, ಒಂದು ಸುತ್ತು ಲೆಕ್ಕವಾಗುತ್ತದೆ. ಕಂಬಗಳು ಇದ್ದೇ ಇವೆಯಲ್ಲ ಎಂದು ತಂತಿಯನ್ನು ಕುರಿಬೇಲಿಯ ಗುಂಟ ಎಳೆದು ಅಡುಗೆಮನೆಗೆ ತಂದು, ನಿಮಿಷಕ್ಕೆಷ್ಟು ಸುತ್ತೆಂದು ತೋರಿಸುವ ಪುಟ್ಟ ಪರದೆಗೆ ಜೋಡಿಸಿದಳು.

ಶನಿವಾರ ಬೆಳಿಗ್ಗೆ ಎಲೆ ಅಲುಗುತ್ತಿರಲಿಲ್ಲ. ರೆಕ್ಕೆಗಳು ಸ್ತಬ್ಧ. ಪರದೆಯ ಮೇಲೆ ನಲವತ್ತೆಂಟು!

ಮೊಟ್ಟೆ ಕೊಡಲು ಬಂದಿದ್ದ ಪಕ್ಕದ ಮನೆಯ ಹೂಯಾ ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಗಾಳೀನೇ ಬೇಡ್ವಲ್ಲೇ ಇದಕ್ಕೆ! ತಾಮಿ, ನಿನ್ನ ಸೊಸೆ ದೇವರನ್ನೇ ಮೀರಿಸಿದ್ಲು ಕಣೋ!"

ಕೊರೊ ಹಗ್ಗ ಹುಡುಕಲು ಹೊರಟರು.

ನೈರಿ ಸ್ವಿಚ್ಚು ಬದಲಿಸಿದಳು, ಬೆಸುಗೆ ಮತ್ತೆ ಹಾಕಿದಳು. ನಲವತ್ತೆಂಟೇ. ಸಿಟ್ಟಿಗೆದ್ದು, ಅಳುವ ಮಗು ಮೆರೆಯನ್ನು ಸೊಂಟಕ್ಕೇರಿಸಿ ಬೇಲಿಯ ಹತ್ತಿರ ಅಡ್ಡಾಡುವಾಗ ಟಕ್, ಟಕ್ ಕೇಳಿಸಿತು. ಟಗರು ನುಗ್ಗದಂತೆ ಬೇಲಿಗೆ ಬಿಟ್ಟ ಕರೆಂಟಿನ ಮಿಡಿತ. ಈ ಮನೆಗೆ ಬಂದಾಗಿನಿಂದ ಕೇಳಿದ ಸದ್ದನ್ನು ಯಾರು ಗಮನಿಸುತ್ತಾರೆ? ಗಡಿಯಾರ ನೋಡಿ ಎಣಿಸಿದಳು. ನಿಮಿಷಕ್ಕೆ ನಲವತ್ತೆಂಟು!

"ಸಿಕ್ತು ಕಣೇ ಕಳ್ಳ!" ಎಂದು ಮಗುವಿನ ಕೆನ್ನೆಗೆ ಮುತ್ತಿಟ್ಟಳು. ಬೇಲಿಯ ಮಿಡಿತ ಪಕ್ಕದ ತಂತಿಗೂ ಹಾರುತ್ತಿತ್ತು. ಸಂಜೆಯೊಳಗೆ ತಂತಿ ಬಿಚ್ಚಿ, ಜೋಡಿಯೆಳೆಯನ್ನು ಜಡೆಯಂತೆ ಹೊಸೆದು, ಬೇಲಿಯಿಂದ ದೂರ ಹುಲ್ಲಿನೊಳಗೆ ಹಾಸಿದಳು. ಪರದೆ ಸೊನ್ನೆಗಿಳಿಯಿತು.

ಭಾನುವಾರ ಮಧ್ಯಾಹ್ನ ನೈಋತ್ಯದ ಗಾಳಿ ಸಮುದ್ರವನ್ನೇ ಹೊತ್ತು ತಂದಂತೆ ಬಂತು. ಅಂಗಳದಲ್ಲಿ ಟ್ರ್ಯಾಕ್ಟರು ಗುರುಗುಡುತ್ತಿತ್ತು. ಕೊರೊ ಬೂಟಿನಲ್ಲೇ ಒಳಗೆ ಬಂದು ಪರದೆಯ ಮುಂದೆ ನಿಂತರು. ಇನ್ನೂರ ತೊಂಬತ್ತು. ಮುನ್ನೂರ ಇಪ್ಪತ್ತು. ಮುನ್ನೂರ ನಲವತ್ತು. ನೈರಿ ಕಿಟಕಿಯತ್ತ ನೋಡಿದಳು. ಮುನ್ನೂರ ನಲವತ್ತೇಳು... ಕಿಟಕಿಯಾಚೆ ಬಾಲ ನಿಧಾನಕ್ಕೆ ಮಡಚಿಕೊಂಡಿತು, ಯಂತ್ರ ಗಾಳಿಗೆ ಭುಜ ಕೊಟ್ಟು ಓರೆಯಾಯಿತು. ಮುನ್ನೂರ ಹತ್ತು. ಇನ್ನೂರ ಎಂಬತ್ತು.

"ಇನ್ನೊಂದು ಬೀಸ್ಲಿ, ನೋಡೋಣ" ಎಂದು ಕೊರೊ ಕುರ್ಚಿ ಎಳೆದುಕೊಂಡರು. ಆರು ಸಲ ಬೀಸಿತು, ಆರೂ ಸಲ ಬಾಲ ಮಡಚಿಕೊಂಡಿತು. ಏಳನೆಯದಕ್ಕೆ ಅವರು ಎದ್ದು ಹೂಯಾಗೆ ಫೋನು ಮಾಡಿದರು.

"ಕೇಳಿಲ್ಲಿ! ನಮ್ಮನೇದು ಮುನ್ನೂರ ನಲವತ್ತೇಳಕ್ಕೆ ನಿಲ್ತು! ಲೇ ನೈರಿ, ಹೊರಗೆ ಹೋಗಿ ಆ ಟ್ರ್ಯಾಕ್ಟರು ಆರಿಸಮ್ಮ, ಏನೂ ಕೇಳಿಸ್ತಿಲ್ಲ!"